ಕಣತಲೆ ನೋವಿಗೆ ಯಾವ ಸ್ಕ್ಯಾನಿಂಗ್?

ಪ್ರಶ್ನೆ: ನಮ್ಮ ಅವ್ವನಿಗೆ 72 ವರ್ಷ. ಮೂರು ವಾರದಿಂದ ಬಲಗಡೆಯ ಕಣತಲೆ ನೋವು. ಬಾಚಣಿಗೆ ತಾಗಿದರೂ ತಡೆಯುವುದಿಲ್ಲ. ಖಡಕ್ ರೊಟ್ಟಿ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ. ಇಎಸ್‌ಆರ್ (ಉರಿಯೂತ ತಿಳಿಸುವ ರಕ್ತ ಪರೀಕ್ಷೆ) 88. ತಲೆಯ ಸಿಟಿ ಸ್ಕ್ಯಾನ್ ನಾರ್ಮಲ್. ಡಾಕ್ಟರು ರಕ್ತನಾಳದ ಉರಿಯೂತವಿರಬೇಕೆಂದು ಸ್ಟೀರಾಯ್ಡ್ ಮಾತ್ರೆ ಬರೆದಿದ್ದಾರೆ, ನಾಳದ ತುಣುಕು ತೆಗೆದು ನೋಡೋಣ ಎಂದಿದ್ದಾರೆ. ಕೊಯ್ಯದೆ ತಿಳಿಯಲು ಬರುವುದಿಲ್ಲವೇ? ಖಚಿತವಾಗಲಿ ಎಂದು ಮಾತ್ರೆ ಇನ್ನೂ ಶುರು ಮಾಡಿಲ್ಲ.
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಮೊದಲು ಮಾತ್ರೆ ಶುರು ಮಾಡಿ, ಇವತ್ತೇ. ಈ ಕಾಯಿಲೆ (ಜಾಯಂಟ್ ಸೆಲ್ ಆರ್ಟರೈಟಿಸ್) ಕಣ್ಣಿನ ನರಕ್ಕೆ ರಕ್ತ ಒಯ್ಯುವ ನಾಳವನ್ನೂ ಮುಚ್ಚಬಹುದು. ಹಾಗೆ ಹೋದ ದೃಷ್ಟಿ ಮರಳುವುದು ಅಪರೂಪ. ಕ್ಷಣಕಾಲ ಕಣ್ಣು ಮಂಜಾದರೂ, ಒಂದು ಎರಡಾಗಿ ಕಂಡರೂ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ, ಸ್ಟೀರಾಯ್ಡ್ ಅದನ್ನು ಏರಿಸುತ್ತದೆ.

ಸಾದಾ ಸಿಟಿ ನೋಡುವುದು ಮೆದುಳನ್ನು. ಕಣತಲೆಯ ಸಣ್ಣ ನಾಳದ ಗೋಡೆ ಅದರಲ್ಲಿ ಕಾಣದು. ನಿಮಗೆ ಬೇಕಾದ್ದು ಡಾಪ್ಲರ್ ಸ್ಕ್ಯಾನಿಂಗ್, ಅಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್. ಹೊಟ್ಟೆ ನೋಡುವ ಪ್ರೋಬ್ (ಮೈಮೇಲೆ ಆಡಿಸುವ ಉಪಕರಣ) ಇದಕ್ಕೆ ಬಾರದು. 15 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಲೀನಿಯರ್ ಪ್ರೋಬ್ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕೂದಲು ಬೋಳಿಸಬೇಕಿಲ್ಲ, ಜೆಲ್ ಧಾರಾಳವಾಗಿ ಹಚ್ಚಿದರೆ ಸಾಕು.

ಉರಿಯೂತವಿದ್ದರೆ ನಾಳದ ಗೋಡೆ ಊದಿ, ಬಣ್ಣದಲ್ಲಿ ಕಾಣುವ ರಕ್ತದ ಹರಿವಿನ ಸುತ್ತ ಕಪ್ಪು ಬಳೆ ಕಟ್ಟಿದಂತೆ ತೋರುತ್ತದೆ. ಕಣತಲೆಯ ಮುಖ್ಯ ನಾಳದಲ್ಲಿ ಗೋಡೆ ಸುಮಾರು 0.4 ಮಿ.ಮೀ., ಈ ಕಾಯಿಲೆ ಹಬ್ಬಬಹುದಾದ ಕಂಕುಳ ನಾಳದಲ್ಲಿ 1 ಮಿ.ಮೀ. ದಾಟಿದರೆ ಅನುಮಾನ ಬಲವಾಗುತ್ತದೆ. ಇನ್ನೊಂದು ಪರೀಕ್ಷೆ ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯದು: ಪ್ರೋಬ್ ಒತ್ತಿದಾಗ ಆರೋಗ್ಯವಂತ ನಾಳ ಚಪ್ಪಟೆಯಾಗಿ ಮಾಯವಾಗುತ್ತದೆ, ಊದಿದ ಗೋಡೆ ಕಾಣುತ್ತಲೇ ಇರುತ್ತದೆ.

ತಪ್ಪಾಗುವುದು ಇಲ್ಲಿ: ಯಂತ್ರದಲ್ಲಿ ಬಣ್ಣದ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟರೆ ಬಣ್ಣ ಚೆಲ್ಲಿ ಬಳೆಯನ್ನೇ ಮುಚ್ಚುತ್ತದೆ. ಕೊಬ್ಬು ಕಟ್ಟಿ ದಪ್ಪವಾದ ನಾಳವೂ ಬಳೆಯಂತೆ ಕಂಡೀತು, ಅದಕ್ಕೇ ಉದ್ದಕ್ಕೂ ಅಡ್ಡಕ್ಕೂ ನೋಡಬೇಕು. ನೋವಿರುವ ಕಡೆ ಮಾತ್ರ ನೋಡಿ ಮುಗಿಸುವುದು ಮೂರನೆಯ ತಪ್ಪು.

ಮಾತ್ರೆ ಶುರುವಾದ ಮೇಲೆ ಕಣತಲೆಯ ಬಳೆ ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ಹಾಗಾಗಿ ಸಾಧ್ಯವಾದರೆ ಮೂರು ದಿನದೊಳಗೆ ಸ್ಕ್ಯಾನಿಂಗ್ ಮಾಡಿಸಿ. ಕಂಕುಳ ನಾಳದಲ್ಲಿ ಗುರುತು ಹೆಚ್ಚು ಕಾಲ ಉಳಿಯುತ್ತದೆ.

ಡಾಪ್ಲರ್ ಅಸ್ಪಷ್ಟವಾದರೆ ಎಂಆರ್‌ಐ ಇದೆ, ಆದರೆ ಸಾದಾ ಬ್ರೈನ್ ಎಂಆರ್‌ಐ ಅಲ್ಲ: ಕಾಂಟ್ರಾಸ್ಟ್ ಕೊಟ್ಟು ನಾಳದ ಗೋಡೆಯನ್ನೇ ನೋಡುವಂಥದ್ದು. ಅದಕ್ಕೆ ಮುಂಚೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತ ಪರೀಕ್ಷೆ) ನೋಡಿಸಿ. ಪೆಟ್ ಸ್ಕ್ಯಾನ್ ದುಬಾರಿ. ಮಹಾಪಧಮನಿಗೂ ಹಬ್ಬಿದ ಅನುಮಾನವಿದ್ದರೆ ಉಪಯುಕ್ತ. ಕನಿಷ್ಠ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು.

ಲಕ್ಷಣಗಳು ಇಷ್ಟು ಸ್ಪಷ್ಟವಿದ್ದು ಡಾಪ್ಲರಿನಲ್ಲೂ ಬಳೆ ಕಂಡರೆ ಸಾಮಾನ್ಯವಾಗಿ ಕೊಯ್ಯುವ ಪ್ರಮೇಯವಿಲ್ಲ. ಕಾಣದಿದ್ದರೆ ತುಣುಕು ಪರೀಕ್ಷೆಗೆ ಒಪ್ಪಿ. ಉರಿಯೂತ ಅಲ್ಲಲ್ಲಿ ಬಿಟ್ಟು ಬಿಟ್ಟು ಇರುವುದರಿಂದ ತುಣುಕು 1 ಸೆಂ.ಮೀ.ಗಿಂತ ಗಿಡ್ಡ ಇರಬಾರದು. ಈಗ ಡಾಕ್ಟರಿಂದ ಚೀಟಿಯಲ್ಲಿ ಹೀಗೆ ಬರೆಸಿಕೊಳ್ಳಿ: ‘ಎರಡೂ ಕಣತಲೆ, ಮುಂದಿನ ಮತ್ತು ಹಿಂದಿನ ಕವಲು, ಎರಡೂ ಕಂಕುಳು, ಒತ್ತಿ ನೋಡುವುದು’. ಮಾತ್ರೆ ಶುರುವಾದ ತಾರೀಖೂ ಅದರಲ್ಲೇ ಇರಲಿ.