ಅಪ್‌ಡೇಟ್ ಬಂದ್ ಮಾಡಿಬಿಡಲೇ?

ಪ್ರಶ್ನೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಅಪ್‌ಡೇಟ್‌ನಿಂದ ಜಗತ್ತಿನ ತುಂಬ ಕಂಪ್ಯೂಟರ್‌ಗಳು ಕೈಕೊಟ್ಟವಲ್ಲ, ಅವತ್ತು ನಮ್ಮ ಆಫೀಸಿನಲ್ಲೂ ಪರದೆಗಳೆಲ್ಲ ನೀಲಿಯಾದವು. ಮನೆಯ ಲ್ಯಾಪ್‌ಟಾಪ್‌ನಲ್ಲೂ ಇರುವುದು ವಿಂಡೋಸೇ, ಅದಕ್ಕೇನೂ ಆಗಲಿಲ್ಲ. ಅದು ನಿಜಕ್ಕೂ ಸೈಬರ್ ದಾಳಿಯಲ್ಲವೇ? ಅಂದಿನಿಂದ ಅಪ್‌ಡೇಟ್ ಎಂದರೆ ಹೆದರಿಕೆ. ಮನೆಯಲ್ಲಿ ಬಂದ್ ಮಾಡಿಬಿಡಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ಯಾಕೆ ಅನ್ನುವುದಕ್ಕೆ ಮುಂಚೆ, ಅವತ್ತು ಆದದ್ದು ದಾಳಿಯಲ್ಲ ಎಂಬುದು ನಿಜ.

ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್, ಕಂಪನಿಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಭದ್ರತಾ ಸಾಫ್ಟ್‌ವೇರ್. ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ಇರಲಿಕ್ಕಿಲ್ಲ, ಹಾಗಾಗಿ ಬಚಾವಾಯಿತು. ಫಾಲ್ಕನ್‌ನ ಒಂದು ಭಾಗ ಓಡುವುದು ವಿಂಡೋಸ್‌ನ ತೀರಾ ಒಳಗಿನ ಕರ್ನಲ್‌ನಲ್ಲಿ. ಕಳ್ಳ ಸಾಫ್ಟ್‌ವೇರ್ ಅಲ್ಲಿ ಅವಿತರೂ ಹಿಡಿಯಬೇಕಲ್ಲ. ವರ್ಡ್ ಕೆಟ್ಟರೆ ವರ್ಡ್ ಮಾತ್ರ ಮುಚ್ಚಿಕೊಳ್ಳುತ್ತದೆ. ಕರ್ನಲ್‌ನಲ್ಲಿ ಎಡವಟ್ಟಾದರೆ ಇಡೀ ವಿಂಡೋಸ್ ನಿಲ್ಲುತ್ತದೆ.

ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಕಂಪನಿ ಕಳಿಸಿದ್ದು ಒಂದು ಸಣ್ಣ ಫೈಲ್. ಹೊಸ ದಾಳಿಗಳನ್ನು ಗುರುತಿಸುವ ವಿವರ ಅದರಲ್ಲಿತ್ತು. ಆ ಫೈಲ್ ಪ್ರಕಾರ ನೋಡಬೇಕಾದ ಮೌಲ್ಯಗಳು 21, ಫಾಲ್ಕನ್ ಒದಗಿಸುತ್ತಿದ್ದದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ಯಂತ್ರ ಕುಸಿಯಿತು. ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿದ್ದ ತಪ್ಪು, ಎಲ್ಲರಿಗೂ ಒಂದೇ ಸಲ ಹೋಯಿತು. 10.57ಕ್ಕೆ ಫೈಲ್ ಹಿಂಪಡೆದರಾದರೂ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಬಿದ್ದಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟದ್ದು ಆಗಲೇ.

ಬಿದ್ದ ಯಂತ್ರದಲ್ಲಿ ವಿಂಡೋಸ್ ಸರಿಯಾಗಿ ಶುರುವಾಗುವುದೇ ಇಲ್ಲ ಅಂದಮೇಲೆ ಸರಿಪಡಿಸಿದ ಫೈಲನ್ನು ಇಳಿಸಿಕೊಳ್ಳುವುದಾದರೂ ಹೇಗೆ? ಹೆಚ್ಚಿನ ಕಡೆ ಐಟಿ ಹುಡುಗರು ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ವಿಂಡೋಸ್ ತೀರಾ ಅಗತ್ಯದ ಭಾಗಗಳಿಂದಷ್ಟೇ ಶುರುವಾಗುವ ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಬೇಕಾಯಿತು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದಲ್ಲಿ 48 ಅಂಕಿಯ ಕೀ ಬೇರೆ ಬೇಕು. ಕೀಗಳನ್ನು ಇಟ್ಟ ಸರ್ವರೇ ಬಿದ್ದಿದ್ದರೆ ಅವರ ಪಾಡು ದೇವರಿಗೇ ಪ್ರೀತಿ.

ಈಗ ನಿಮ್ಮ ಹೆದರಿಕೆಯ ವಿಷಯ. 2017ರ ಮೇನಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ಕಳ್ಳ ಸಾಫ್ಟ್‌ವೇರ್ ಬಂದಾಗ ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟನ್ನು ಮೊದಲು ನಾಲ್ಕು ಯಂತ್ರಗಳಿಗೆ ಹಾಕಿ ನೋಡುವುದು ನಿಮ್ಮ ಆಫೀಸಿನವರ ಕೆಲಸ. ಮನೆಯಲ್ಲಿ ಅದು ತಾನಾಗಿ ಬರುತ್ತಿರಲಿ. ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಬಿಟ್‌ಲಾಕರ್ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಇವತ್ತೇ ನೋಡಿ, ಕಾಗದದ ಮೇಲೆ ಬರೆದಿಡಿ.

ಪ್ರಶ್ನೆ: ಆ ಗಲಾಟೆಯ ವಾರ ‘ರಿಪೇರಿ ಫೈಲ್’ ಎಂದು ಇಮೇಲ್ ಬಂದಿತ್ತು. ನಾನು ತೆರೆಯಲಿಲ್ಲ. ಅಸಲಿಯಾಗಿತ್ತೇ?
– ಓದುಗರು, ಮಂಗಳೂರು

ಉತ್ತರ: ನಕಲಿ ಎಂದೇ ತಿಳಿಯಿರಿ. ನೀಲಿ ಪರದೆಯ ಯಂತ್ರದಲ್ಲಿ ಇಮೇಲ್ ತೆರೆಯುವುದಿಲ್ಲ. ನಿಮ್ಮದರಲ್ಲಿ ತೆರೆದಿತ್ತು ಅಂದರೆ ರಿಪೇರಿಯ ಅಗತ್ಯವೇ ಇರಲಿಲ್ಲ. ಆ ದಿನಗಳಲ್ಲಿ ‘ಕ್ರೌಡ್‌ಸ್ಟ್ರೈಕ್ ಹಾಟ್‌ಫಿಕ್ಸ್’ ಹೆಸರಿನ ಜಿಪ್ ಫೈಲೊಂದು ಓಡಾಡಿತ್ತು, ತೆರೆದರೆ ಕಂಪ್ಯೂಟರ್ ಕಳ್ಳರ ಕೈಗೆ. ಕಂಪನಿಯವರೆಂದು ಹೇಳಿಕೊಂಡು ಫೋನ್ ಮಾಡಿದವರೂ ಇದ್ದರು. ಯಾರಾದರೂ ತೆರೆದು ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.