ಯುದ್ಧದ ಹೆಸರು ಹೇಳಿ ಬಾಕಿ ನಿಲ್ಲಿಸಬಹುದೇ?

2023ರ ಕೊನೆಯಲ್ಲಿ ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಶುರುವಾದಂದಿನಿಂದ ಇದೊಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಸಲ ಉದ್ದಕ್ಕೇ ಉತ್ತರಿಸುತ್ತೇನೆ. ಮತ್ತೆ ಕೇಳಬೇಡಿ.

ಪ್ರಶ್ನೆ: ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ನಮ್ಮ ಫೌಂಡ್ರಿ ಇದೆ. ಯುರೋಪಿಗೆ ಹೋಗುವ ಕ್ಯಾಸ್ಟಿಂಗ್ (ಎರಕದ ಮಾಲು) ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋಗುವುದರಿಂದ ದುಡ್ಡು ತಡವಾಗುತ್ತಿದೆ. 'ಫೋರ್ಸ್ ಮೆಜ್ಯೂರ್', ಅಂದರೆ ಕೈಮೀರಿದ ಘಟನೆಯಿಂದ ಕರಾರು ಪಾಲಿಸಲಾಗದು ಎಂಬ ನೋಟಿಸ್ ಕೊಟ್ಟು ಜಾಬ್‌ವರ್ಕ್‌ನವರ ಬಾಕಿ ತಡೆಹಿಡಿದು, ಫೆಟ್ಲಿಂಗ್ (ಎರಕದ ಅಂಚು ಉಜ್ಜುವ) ಹುಡುಗರಿಗೆ ಸ್ವಲ್ಪ ದಿನ ಬರಬೇಡಿ ಅನ್ನಬಹುದೇ? ನೋಟಿಸಿನ ಮಾದರಿ ವಾಟ್ಸಾಪ್‌ನಲ್ಲಿ ಸಿಕ್ಕಿದೆ.

ಉತ್ತರ: ಮೊದಲು ಆ ಮಾದರಿಯನ್ನು ಅಳಿಸಿ. ಅದನ್ನು ಹಂಚುವ 'ಬಿಸಿನೆಸ್ ಕೋಚ್'ಗಳು ಒಂದು ಕರಾರನ್ನೂ ಪೂರ್ತಿ ಓದಿದವರಲ್ಲ. ಹಡಗು ತಡವಾದದ್ದು ನಿಮಗೂ ವಿದೇಶಿ ಗಿರಾಕಿಗೂ ಬಿಟ್ಟ ವಿಷಯ. ಪಕ್ಕದ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ನಿಮ್ಮ ಫ್ಲ್ಯಾಂಜ್ ಮಷಿನಿಂಗ್ ಮಾಡಿಕೊಟ್ಟವರಿಗೆ ಯಾವ ಯುದ್ಧವೂ ಅಡ್ಡ ಬರಲಿಲ್ಲ. ಚಲನ್‌ಗೆ ಸಹಿ ಹಾಕಿ ಮಾಲು ಇಳಿಸಿಕೊಂಡವರು ನೀವೇ.

ಗಿರಾಕಿಯ ಮುಂದೆಯೂ ಈ ನೆಪ ನಡೆಯುವುದು ಕಷ್ಟ. 1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿದಾಗ ಸುಡಾನಿನಿಂದ ಹ್ಯಾಂಬರ್ಗಿಗೆ ಶೇಂಗಾ ಕಳಿಸಬೇಕಿದ್ದವರು ಕೈಚೆಲ್ಲಿದರು. ಸುತ್ತಿ ಕಳಿಸಬಹುದಿತ್ತು, ಖರ್ಚು ಹೆಚ್ಚಾಯಿತೆಂದು ಕರಾರು ಸಾಯುವುದಿಲ್ಲ ಎಂದಿತು 1961ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್. ಇಂಡೋನೇಷ್ಯಾ ಕಲ್ಲಿದ್ದಲು ದುಬಾರಿಯಾದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ, ನಿಮ್ಮ ಆಡಿಟರಿಗೆ ಬಾಯಿಪಾಠವಾಗಿರಬೇಕು.

ಇನ್ನು ಹುಡುಗರ ವಿಷಯ. 50 ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ವರ್ಷ ಪೂರೈಸಿದ ಕಾಯಂ ಕಾರ್ಮಿಕರನ್ನು ಲೇಆಫ್ ಮಾಡಿದರೆ, ಅಂದರೆ ಕೆಲಸವಿಲ್ಲವೆಂದು ಸ್ವಲ್ಪ ದಿನ ಮನೆಗೆ ಕಳಿಸಿದರೆ, ಮೂಲವೇತನ, ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಮೇಸ್ತ್ರಿ ಕರೆತಂದು, ದಿನವಿಡೀ ಗ್ರೈಂಡರ್ ಹಿಡಿದು ಕಬ್ಬಿಣದ ಧೂಳು ಕುಡಿಯುವವರ ಕೈಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ನಿಮ್ಮ ಕಣ್ಣು ಮೊದಲು ಅವರ ಮೇಲೆಯೇ ಬಿದ್ದದ್ದು ಅದಕ್ಕೇ, ಅಲ್ಲವೇ?

ಬಿಕ್ಕಟ್ಟಿಗೆ ಸಿದ್ಧತೆ ಎಂದರೆ ಎಲ್ಲರೂ ಸ್ಕ್ರ್ಯಾಪ್ ದಾಸ್ತಾನು, ಜನರೇಟರ್ ಅನ್ನುತ್ತಾರೆ. ನಾನು ಹೇಳುವುದು ಬೇರೆ: ಕಷ್ಟ ಬಂದರೆ ಯಾರ ಪಾಲು ಮೊದಲು ಕಡಿತ ಎಂಬುದನ್ನು ಆರ್ಡರ್ ತುಂಬಿರುವಾಗಲೇ ಬರೆದಿಡಿ. ಮೊದಲು ಮಾಲೀಕರ ಡ್ರಾಯಿಂಗ್ಸ್ (ತಮಗೆಂದು ತೆಗೆದುಕೊಳ್ಳುವ ದುಡ್ಡು), ಆಮೇಲೆ ಹೊಸ ಮಷಿನ್, ಆಮೇಲೆ ಬ್ಯಾಂಕಿನವರ ಜೊತೆ ಮಾತು. ಜಾಬ್‌ವರ್ಕ್, ಕೂಲಿ ಕಟ್ಟಕಡೆಗೆ. ಎರಡು ತಿಂಗಳ ಕೂಲಿ ಬೇರೆ ಎಫ್‌ಡಿಯಲ್ಲಿರಲಿ. ಒಂದು ತಿಂಗಳದ್ದು ಸಾಕೆನ್ನುವವರಿದ್ದಾರೆ, ನಾನು ಪುಕ್ಕಲ. ಪಟ್ಟಿಯನ್ನು ಸೂಪರ್‌ವೈಸರಿಗೂ ತೋರಿಸಿ. ಬೀರುವಿನಲ್ಲಿಟ್ಟರೆ ನೀವೇ ತಿದ್ದುತ್ತೀರಿ.

ಪ್ರಶ್ನೆ: ನಿರ್ಬಂಧವಿರುವ ದೇಶದ ಗಿರಾಕಿಗೆ ದುಬೈ ಹೆಸರಲ್ಲಿ ಬಿಲ್ ಮಾಡಬಹುದೇ?

ಉತ್ತರ: ಬೇಡ. ಇದನ್ನು ಕಾಗದದಲ್ಲಿ ಬರೆದು ಕೇಳಿದ ನಿಮ್ಮ ಧೈರ್ಯ ದೊಡ್ಡದು.

ಪ್ರಶ್ನೆ: ಯುದ್ಧವಾದರೆ ರಾಶಿ ಅಡಿಕೆ ಇಟ್ಟುಕೊಳ್ಳಲೋ, ಮಾರಲೋ?

ಉತ್ತರ: ಮಂಡಿಯಲ್ಲಿ ಕೇಳಿ.

ಪ್ರಶ್ನೆ: ಮರೈನ್ ವಿಮೆ ಇದೆಯಲ್ಲ, ಸಾಕಲ್ಲವೇ?

ಉತ್ತರ: ಸಾಮಾನ್ಯ ಸರಕು ವಿಮೆಯಲ್ಲಿ ಯುದ್ಧದ ಹಾನಿ ಸೇರುವುದಿಲ್ಲ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ತಡವಾದದ್ದರ ನಷ್ಟವಂತೂ ಹೊರಗೇ. ಏಜೆಂಟರ ಮಾತು ಬಿಟ್ಟು ಪಾಲಿಸಿ ತೆಗೆದು ಓದಿ.