ಅಂಗಡಿಗೆ ಹೊರಟಾಗ ಮಕ್ಕಳ ಕೈಗೂ ಒಂದು ಚೀಲ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಈಗ ಫೀಲ್ಡ್ ಪೋಸ್ಟಿಂಗ್ ಆಗಿದೆ, ಸಂಸಾರ ಕರೆದೊಯ್ಯುವಂತಿಲ್ಲ. ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗನೊಂದಿಗೆ ಕೋಲಾರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅತ್ತೆಯವರು ಹಸುಗಳನ್ನು ಬಿಟ್ಟು ಬರಲಾರರು. ದಿನಸಿ ತರಲು ಹೋದರೆ ಮಗ ಕಾಳಿನ ಮೂಟೆಗಳಿಗೆಲ್ಲ ಕೈ ಹಾಕುತ್ತಾನೆ, ಚಾಕೊಲೇಟಿಗಾಗಿ ನೆಲದ ಮೇಲೆ ಹೊರಳಾಡುತ್ತಾನೆ. ಮಗಳು ಕೈ ಬಿಡಿಸಿಕೊಂಡು ಓಡುತ್ತಾಳೆ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಿರುತ್ತಾರೆ. ಮೊನ್ನೆ ಅಂಗಡಿಯಲ್ಲಿ ಯಾರೋ ಒಬ್ಬರು “ಅಪ್ಪ ಇಲ್ಲದ ಮಕ್ಕಳು ಹೀಗೆಯೇ” ಎಂದುಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ. ಏನು ಮಾಡಲಿ?
– ಹೆಸರು ಬೇಡ, ಕೋಲಾರ

ಉತ್ತರ: ತಂಗಿ, ಮೊದಲು ಆ ಮಾತಿಗೆ ಬರುತ್ತೇನೆ, ದಿನಸಿ ಆಮೇಲೆ. ಇನ್ನೊಮ್ಮೆ ಯಾರಾದರೂ ಹಾಗೆಂದರೆ ಅಲ್ಲೇ, ಮಕ್ಕಳಿಗೂ ಕೇಳಿಸುವಂತೆ, “ಅಪ್ಪ ಇದ್ದಾರೆ, ಡ್ಯೂಟಿಯಲ್ಲಿದ್ದಾರೆ” ಎಂದು ಹೇಳಿ. ಜಗಳಕ್ಕೆ ನಿಲ್ಲಬೇಡಿ, ಆದರೆ ನುಂಗಿಕೊಂಡು ಬರಲೂಬೇಡಿ. ಆಡಿದವರು ಮರೆತುಬಿಡುತ್ತಾರೆ, ನಿಮ್ಮ ಮಗಳು ಮರೆಯುವುದಿಲ್ಲ. ನಮ್ಮ ಮನೆಯವರು ಸುಬೇದಾರರಾಗಿ ನಿವೃತ್ತರಾದವರು. ಅವರು ಗಡಿಯಲ್ಲಿದ್ದಾಗ ನಾನೂ ಇಬ್ಬರನ್ನು ಕಟ್ಟಿಕೊಂಡು ಇದೇ ಕೋಲಾರದ ದೊಡ್ಡಪೇಟೆಯಲ್ಲಿ ಓಡಾಡಿದವಳು. ಹಾಗಾಗಿ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ಮಕ್ಕಳನ್ನು ಸುಮ್ಮನಿರಿಸಲು ಹೋಗಬೇಡಿ, ಅವರಿಗೆ ಕೆಲಸ ಕೊಡಿ. ಐದು ವರ್ಷದವಳಿಗೆ ಓದಲು ಬಾರದಿದ್ದರೂ ಚಿತ್ರ ಬರೆಯಲು ಬರುತ್ತದೆ. ಹಿಂದಿನ ರಾತ್ರಿ ಅವಳನ್ನು ಕೂರಿಸಿಕೊಂಡು ಚೀಟಿ ಮಾಡಿ. ಸೋಪಿಗೆ ಒಂದು ಚೌಕ, ಟೊಮೆಟೊಗೆ ಒಂದು ಸೊನ್ನೆ, ತೆಂಗಿನಕಾಯಿಗೆ ಜುಟ್ಟಿರುವ ಇನ್ನೊಂದು ಸೊನ್ನೆ. ಅಂಗಡಿಯಲ್ಲಿ ಚೀಟಿ ಅವಳ ಕೈಯಲ್ಲೇ ಇರಲಿ, ಪೆನ್ಸಿಲ್ಲೂ ಇರಲಿ. ಒಂದೊಂದು ಸಾಮಾನು ಚೀಲಕ್ಕೆ ಬಿದ್ದಂತೆ ಅವಳೇ ಗೀಟು ಹಾಕಬೇಕು. ಮುಂದಿನದು ಯಾವುದೆಂದು ಹುಡುಕುತ್ತಿರುವ ಮಗು ಓಡಿಹೋಗುವುದಿಲ್ಲ. ತರಕಾರಿ ಅಂಗಡಿಯಲ್ಲಿ ಗಟ್ಟಿ ಟೊಮೆಟೊ ಆರಿಸುವುದು, ಹಣ ಕೊಟ್ಟ ಮೇಲೆ “ಕೊಸರು ಕೊಡಿ” ಎಂದು ಕೇಳುವುದು ಅವಳ ಪಾಲಿಗಿರಲಿ. ಮಗು ಬಾಯಿಬಿಟ್ಟು ಕೇಳಿದರೆ ಯಾವ ತರಕಾರಿಯಮ್ಮನೂ ಇಲ್ಲವೆನ್ನುವುದಿಲ್ಲ.

ಹಾಗೆ ಸಿಕ್ಕಿದ ಕರಿಬೇವಿನ ಕಡ್ಡಿಯನ್ನು ಮಗನ ಕೈಗೆ ಕೊಡಿ. ಎರಡೂವರೆ ವರ್ಷದವನಿಗೆ ಅದಕ್ಕಿಂತ ಒಳ್ಳೆಯ ಆಟಿಕೆ ಬೇಡ. ಒಂದೊಂದೇ ಎಲೆ ಕಿತ್ತು, ಮೂಸಿ ನೋಡಿ, ತನ್ನ ಪುಟ್ಟ ಚೀಲಕ್ಕೆ ಹಾಕಿಕೊಳ್ಳುತ್ತಾ ಕೂರುತ್ತಾನೆ. ಚೀಲ ಅವನದೇ ಆಗಿರಲಿ, ಹಳೆಯ ರವಿಕೆ ಬಟ್ಟೆಯಲ್ಲಿ ಹೊಲಿದರೂ ಸಾಕು. ಅವರೆಕಾಯಿ ಕಾಲವಾದರೆ ಕಾಯಿ ಆರಿಸುವುದೇ ದೊಡ್ಡ ಕೆಲಸ, ಕೈಗೆ ಸೊಗಡು ಅಂಟಿದರೆ ಅಂಟಲಿ ಬಿಡಿ. ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಅಂಗಡಿಯವರು ಪ್ರೀತಿಯಿಂದ ಒಂದು ಹಿಡಿ ಕಡಲೆಕಾಯಿ ಬೀಜ ಕೊಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯವಿದೆ. ನಯವಾಗಿ ಬೇಡವೆನ್ನಿ, ಬಾಳೆಹಣ್ಣು ನೀವೇ ಒಯ್ಯಿರಿ.

ಹೊಟ್ಟೆ ತುಂಬಿ, ನಿದ್ದೆ ಮುಗಿಸಿ ಎದ್ದ ಮಗುವಿನೊಂದಿಗೆ ಹೋಗಿ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತು ಒಳ್ಳೆಯದು, ಸಂಜೆಯ ನೂಕುನುಗ್ಗಲು ಬೇಡವೇ ಬೇಡ. ಅಕ್ಕಿ, ಬೇಳೆ, ಎಣ್ಣೆಯಂಥ ಭಾರದ ಸಾಮಾನಿಗೆ ಪರಿಚಯದ ಅಂಗಡಿಯವರಿಗೆ ಮೊದಲೇ ಪಟ್ಟಿ ಕಳುಹಿಸಿ ಕಟ್ಟಿಸಿಡಿ. ಸೈನಿಕರ ಸಂಸಾರಗಳಿಗೆ ರಿಯಾಯಿತಿ ದರದಲ್ಲಿ ಸಾಮಾನು ಕೊಡುವ ಮಿಲಿಟರಿ ಕ್ಯಾಂಟೀನ್‌ಗೆ ಹೋಗುವ ದಿನ ಮಾತ್ರ ಮಕ್ಕಳನ್ನು ಯಾರ ಬಳಿಯಾದರೂ ಬಿಡಿ. ತಿಂಗಳ ಮೊದಲ ವಾರದ ಸರತಿಯಲ್ಲಿ ದೊಡ್ಡವರೇ ಸೋಲುತ್ತಾರೆ. ತಿಂಗಳ ಕೊನೆಯಲ್ಲಿ ಸರಕಿನ ಲೆಕ್ಕಕ್ಕೆಂದು ಹಲವು ಕಡೆ ಬಾಗಿಲು ಹಾಕಿರುತ್ತಾರೆ. ಎರಡರ ನಡುವಿನ ದಿನ ನೋಡಿಕೊಳ್ಳಿ.

ಚಾಕೊಲೇಟಿನ ಹೊರಳಾಟಕ್ಕೆ ನಿಯಮ ಒಂದೇ. ಕೊಡಿಸುವುದೋ ಇಲ್ಲವೋ ಮನೆಯ ಹೊಸಿಲಲ್ಲೇ ಹೇಳಿ, ಹೇಳಿದ ಮೇಲೆ ಬದಲಿಸಬೇಡಿ. ಹೊರಳಾಡಿದರೆ ಎತ್ತಿಕೊಂಡು ಹೊರಗೆ ನಿಲ್ಲಿ, ಸಮಾಧಾನವಾದ ಮೇಲೆ ಒಳಗೆ ಬನ್ನಿ. “ಅಪ್ಪನಿಗೆ ಹೇಳುತ್ತೇನೆ” ಎಂದು ಮಾತ್ರ ಹೆದರಿಸಬೇಡಿ. ದೂರದಲ್ಲಿರುವ ಅಪ್ಪನನ್ನು ಗುಮ್ಮನನ್ನಾಗಿ ಮಾಡಿದರೆ, ರಜೆಗೆ ಬಂದಾಗ ಮಗು ಅವರ ಹತ್ತಿರ ಹೋಗುವುದಿಲ್ಲ. ಮೊಬೈಲನ್ನೂ ಆಟಕ್ಕೆ ಕೊಡಬೇಡಿ. ಅವರಿಗೆ ನೆಟ್‌ವರ್ಕ್ ಸಿಗುವುದು ಯಾವ ಗಳಿಗೆಯಲ್ಲೋ! ಆ ಹೊತ್ತಿಗೆ ನಿಮ್ಮ ಫೋನಿನ ಚಾರ್ಜ್ ಮುಗಿದಿದ್ದರೆ, ಅಥವಾ ಆಟ ನಿಂತಿತೆಂದು ಮಗ ಅಪ್ಪನ ಕರೆಗೇ ಅಳತೊಡಗಿದರೆ, ಆ ಸಂಕಟ ನನಗೆ ಗೊತ್ತು.

ಪ್ರತಿ ಸಲ ಅಪ್ಪನಿಗೆಂದು ಒಂದು ವಸ್ತುವನ್ನು ಮಕ್ಕಳೇ ಆರಿಸಲಿ. ಚಟ್ನಿಪುಡಿಗೆ ಒಣಮೆಣಸಿನಕಾಯಿ, ಹುರಿಹಿಟ್ಟಿಗೆ ರಾಗಿ, ಏನಾದರೂ ಸರಿ. ಮನೆಯಲ್ಲಿ ಒಂದು ಡಬ್ಬ ಇಡಿ, ತುಂಬಿದಾಗ ಅಂಚೆಯಲ್ಲಿ ಕಳುಹಿಸಿ. ಫೀಲ್ಡ್‌ನ ವಿಳಾಸ ನಿಮಗೆ ಗೊತ್ತೇ ಇದೆ. ಹೆಸರು, ಯೂನಿಟ್, 56 ಎಪಿಒ (ಸೇನಾ ಅಂಚೆ ಕಚೇರಿ) ಅಥವಾ 99 ಎಪಿಒ, ಅಷ್ಟೇ. ಊರಿನ ಹೆಸರು ಅದರಲ್ಲಿರುವುದಿಲ್ಲ. ಇದನ್ನೇ ತೋರಿಸಿ ಮಗಳಿಗೆ ಒಂದು ಪಾಠ ಹೇಳಿಕೊಡಿ: ಅಂಗಡಿಯಲ್ಲಿ ಅಪರಿಚಿತರು ಕೇಳಿದರೆ ಅಪ್ಪ ಯಾವ ಊರಿನಲ್ಲಿದ್ದಾರೆ, ಯಾವಾಗ ಬರುತ್ತಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಹೇಳಬಾರದು. ನಿಮ್ಮ ಫೋನ್ ನಂಬರ್ ಮಾತ್ರ ಬಾಯಿಪಾಠವಾಗಿರಲಿ. ಮಗನ ಅಂಗಿಯ ಒಳಗೆ ನಂಬರ್ ಬರೆದ ಪಟ್ಟಿ ಹೊಲಿಯಿರಿ. ಮಗು ಕೈತಪ್ಪಿ ಹೋಯಿತೆನ್ನಿ, 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಡಮಾಡದೆ ಕರೆ ಮಾಡಿ.

ಯಜಮಾನರಿಗೂ ಒಂದು ಮಾತು ಹೇಳಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅದೂ ಒಟ್ಟಿಗೆ ಸಿಗುವುದಿಲ್ಲ. ಬಂದವರು ಮಕ್ಕಳ ಮೇಲಿನ ಮಮತೆಗೆ ಕೇಳಿದ್ದನ್ನೆಲ್ಲ ಕೊಡಿಸುತ್ತಾರೆ, ಅವರು ರೈಲು ಹತ್ತಿದ ಮೇಲೆ ಹೊರಳಾಟ ಮತ್ತೆ ನಿಮ್ಮ ಪಾಲಿಗೆ. ಅದಕ್ಕೇ ರಜೆಗೆ ಹೊರಡುವ ಮೊದಲೇ ಫೋನಿನಲ್ಲಿ ನಿಯಮ ತಿಳಿಸಿಬಿಡಿ. ಬಂದ ಮೇಲೆ ಒಂದು ದಿನ ನೀವು ಮನೆಯಲ್ಲೇ ಇದ್ದು ಮೂವರನ್ನೂ ಅಂಗಡಿಗೆ ಕಳುಹಿಸಿ. ಯಾವ ಅಂಗಡಿ, ಯಾವ ಅಕ್ಕಿ, ಎಷ್ಟು ಬೇಳೆ ಎಂದು ಅಪ್ಪನಿಗೆ ಹೇಳುವ ಜವಾಬ್ದಾರಿ ಮಗಳದು.